ಶನಿಯ ನೆರೆಯಲ್ಲಿ ಹದಿಮೂರು ವರ್ಷ

ನವಗ್ರಹಗಳ ಪೈಕಿ ನಮ್ಮ ಜನಸಾಮಾನ್ಯರ ಬಾಯಲ್ಲಿ ಅತ್ಯಂತ ಹೆಚ್ಚಾಗಿ ಬರುವ ಹೆಸರು ಶನಿಯದು. ಕೈಗೊಂಡ ಕೆಲಸ ಕೆಟ್ಟರೆ ಶನಿ ಹಿಡಿಯಿತೆನ್ನುತ್ತೇವೆ. ಸಾಡೇಸಾತಿ ಕಳೆದರೆ ಸಾಕೆಂದು ಎಳ್ಳೆಣ್ಣೆಯ ದೀಪ ಹಚ್ಚುತ್ತೇವೆ. ಆದರೆ ಇರುಳಿನ ಆಕಾಶದಲ್ಲಿ ಮಿನುಗದೆ ನಿಂತಿರುವ ಆ ಹಳದಿ ಚುಕ್ಕೆಯನ್ನು ಇದೇ ಶನಿಯೆಂದು ಬೆರಳು ಮಾಡಿ ತೋರಿಸಬಲ್ಲವರು ಊರಿಗೆ ಇಬ್ಬರು ಸಿಕ್ಕರೆ ಹೆಚ್ಚು. ಅದರ ಮತ್ತೊಂದು ಹೆಸರು ಶನೈಶ್ಚರ, ಅಂದರೆ ಮೆಲ್ಲಮೆಲ್ಲನೆ ನಡೆಯುವವನು. ಇದು ಭಯದಿಂದ ಇಟ್ಟ ಹೆಸರಲ್ಲ. ಇರುಳಿರುಳೂ ಕಾದು ನೋಡಿ ಇಟ್ಟ ಹೆಸರು. ಸೂರ್ಯನನ್ನು ಒಂದು ಸುತ್ತು ಬರಲು ಶನಿಗೆ ಸುಮಾರು 29.5 ವರ್ಷ ಬೇಕು. ಸಾಡೇಸಾತಿಯ ಏಳೂವರೆ ವರ್ಷವೂ ಈ ಲೆಕ್ಕದ ಕೂಸೇ: ಒಂದು ರಾಶಿಗೆ ಎರಡೂವರೆ ವರ್ಷದಂತೆ ಮೂರು ರಾಶಿ. ಲೆಕ್ಕವನ್ನು ಮರೆತು ಹೆದರಿಕೆಯನ್ನು ಮಾತ್ರ ಉಳಿಸಿಕೊಂಡದ್ದು ನಮ್ಮ ದುರ್ದೈವ.

ಈ ನಿಧಾನಿಯ ನೆರೆಗೆ ಹೋಗಿ, 2004ರಿಂದ 2017ರವರೆಗೆ ಹದಿಮೂರು ವರ್ಷ ಅಲ್ಲಿಯೇ ನೆಲೆಸಿದ್ದ ಕ್ಯಾಸಿನಿ ಎಂಬ ಗಗನನೌಕೆಯ ವಿಚಾರವಾಗಿ ಈ ಸಂಚಿಕೆಯ ವಾಚಕರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬುದು ನನ್ನ ಆಸೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಸಿನಿಯ ಹಿರಿಮೆ ಅದು ಶನಿಯನ್ನು ತಲುಪಿತೆಂಬುದರಲ್ಲಿಲ್ಲ. ಅದಕ್ಕೆ ಮುನ್ನವೇ ಮೂರು ನೌಕೆಗಳು ಅತ್ತ ಹೋಗಿದ್ದವು. ಅದು ಅಲ್ಲಿ ಉಳಿಯಿತು, ಉಳಿಯುವುದಕ್ಕೆ ಬೇಕಾದ ಹಣವನ್ನೂ ತಾಳ್ಮೆಯನ್ನೂ ಅದನ್ನು ಕಳುಹಿಸಿದವರು ಒದಗಿಸಿದರು ಎಂಬುದರಲ್ಲಿದೆ. ಅದು ಕಂಡ ಮಹತ್ವದ ಸಂಗತಿಗಳಲ್ಲಿ ಹೆಚ್ಚಿನವು ಹೋದೊಡನೆ ಕಂಡವಲ್ಲ. ಮತ್ತೆ ಮತ್ತೆ ಮರಳಿ ನೋಡಿದಾಗ ಕಂಡವು.

ಕ್ಷಣಕಾಲದ ನೋಟ ಎಂತಹ ಜಾಣನನ್ನೂ ಮೋಸಗೊಳಿಸಬಲ್ಲುದೆಂಬುದಕ್ಕೆ ಶನಿಯ ಇತಿಹಾಸಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಿಂದ ನೋಡಿದಾಗ ಶನಿಯ ಇಕ್ಕೆಲಗಳಲ್ಲಿ ಎರಡು ಸಣ್ಣ ಕಾಯಗಳು ಅಂಟಿಕೊಂಡಂತೆ ತೋರಿದವು; ಶನಿ ಒಂದಲ್ಲ, ಮೂರು ಕಾಯಗಳ ಕೂಟವೆಂದು ಅವನು ತಿಳಿದ. 1612ರಲ್ಲಿ ನೋಡುತ್ತಾನೆ, ಎರಡೂ ಮಾಯವಾಗಿವೆ! ಆ ಮಹಾನುಭಾವನಿಗಾದ ದಿಗ್ಭ್ರಮೆಯನ್ನು ಊಹಿಸಿಕೊಳ್ಳಬಹುದು. ಈ ಒಗಟನ್ನು ಬಿಡಿಸುವುದಕ್ಕೆ ಹೆಚ್ಚು ಕಡಿಮೆ ಅರ್ಧ ಶತಮಾನವೇ ಹಿಡಿಯಿತು. ಹಾಲೆಂಡಿನ ಕ್ರಿಶ್ಚಿಯಾನ್ ಹೈಗನ್ಸ್ 1655ರಲ್ಲಿ ಶನಿಯ ದೊಡ್ಡ ಉಪಗ್ರಹವಾದ ಟೈಟನ್ನನ್ನು ಕಂಡುಹಿಡಿದು, ಗ್ರಹವನ್ನು ಎಲ್ಲಿಯೂ ಮುಟ್ಟದೆ ಅದನ್ನು ಸುತ್ತುವರಿದ ತೆಳುವಾದ ಬಳೆಯೊಂದಿದೆಯೆಂದು 1659ರಲ್ಲಿ ಪ್ರಕಟಿಸಿದ. ಆ ಬಳೆಯ ಅಂಚು ಮಾತ್ರ ನಮ್ಮ ಕಡೆಗೆ ತಿರುಗಿದಾಗ ಅದು ಕಣ್ಣಿಗೆ ಕಾಣದಾಗುತ್ತದೆ. ಹದಿನೈದು ವರ್ಷಗಳ ಆಸುಪಾಸಿನಲ್ಲಿ ಹೀಗಾಗುತ್ತಲೇ ಇರುತ್ತದೆ. 2025ರ ಮಾರ್ಚಿನಲ್ಲಿಯೂ ಆಯಿತು. 1675ರಲ್ಲಿ ಜಿಯೊವಾನಿ ಕ್ಯಾಸಿನಿ ಬಳೆಯ ನಡುವಿನ ಕಪ್ಪು ಬಿರುಕನ್ನು ಕಂಡ. ಬಳೆ ಗಟ್ಟಿಯಾದ ತಟ್ಟೆಯಾಗಿದ್ದರೆ ನಿಲ್ಲಲಾರದು, ಅದು ಅಸಂಖ್ಯಾತ ಸಣ್ಣ ತುಣುಕುಗಳ ಸಮುದಾಯವೇ ಆಗಿರಬೇಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ಕಾಗದದ ಮೇಲಿನ ಗಣಿತದಿಂದಲೇ ಸಾಧಿಸಿದ. 1895ರಲ್ಲಿ ಅಮೆರಿಕದ ಜೇಮ್ಸ್ ಕೀಲರ್ ಬಳೆಯ ಬೆಳಕಿನ ರೋಹಿತವನ್ನು ಪರೀಕ್ಷಿಸಿ, ಒಳಭಾಗ ಹೊರಭಾಗಕ್ಕಿಂತ ವೇಗವಾಗಿ ಸುತ್ತುತ್ತಿದೆಯೆಂದು ತೋರಿಸಿ ಮ್ಯಾಕ್ಸ್‌ವೆಲ್ಲನ ಮಾತಿಗೆ ಪ್ರಮಾಣ ಒದಗಿಸಿದ.

ಬಳಿಕ ನೌಕೆಗಳ ಕಾಲ. 1979ರಲ್ಲಿ ಪಯನಿಯರ್-11, 1980ರಲ್ಲಿ ವಾಯೇಜರ್-1, 1981ರಲ್ಲಿ ವಾಯೇಜರ್-2 ಶನಿಯ ಪಕ್ಕದಲ್ಲಿ ಹಾದುಹೋದವು. ಅವು ಕಳುಹಿಸಿದ ಚಿತ್ರಗಳು ಅದ್ಭುತವಾಗಿದ್ದವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಅವು ಹಾದುಹೋದ ನೌಕೆಗಳೇ. ಬಸ್ಸಿನ ಕಿಟಕಿಯಿಂದ ಹಂಪಿಯನ್ನು ನೋಡಿದಂತೆ. ಗೋಪುರ ಕಾಣುತ್ತದೆ, ಶಾಸನ ಓದಲಾಗುವುದಿಲ್ಲ. ವಾಯೇಜರ್-1 ತನ್ನ ಮುಂದಿನ ಗ್ರಹಯಾತ್ರೆಯನ್ನೇ ಬಿಟ್ಟುಕೊಟ್ಟು ಟೈಟನ್ನಿನ ಸಮೀಪಕ್ಕೆ ಹೋಯಿತು. ಅದರ ಕ್ಯಾಮೆರಾಕ್ಕೆ ಕಂಡದ್ದು ಕಿತ್ತಳೆ ಬಣ್ಣದ ಮಬ್ಬು ಮಾತ್ರ.

ಆದ್ದರಿಂದ ಶನಿಯನ್ನೇ ಸುತ್ತುತ್ತ ನಿಲ್ಲುವ ನೌಕೆಯೊಂದು ಬೇಕೆಂದು ಅಮೆರಿಕದ ನಾಸಾ, ಯೂರೋಪಿನ ಅಂತರಿಕ್ಷ ಸಂಸ್ಥೆ, ಇಟಲಿಯ ಅಂತರಿಕ್ಷ ಸಂಸ್ಥೆ ಮೂರೂ ಕೂಡಿ ಕ್ಯಾಸಿನಿಯನ್ನು ಕಟ್ಟಿದವು. ಟೈಟನ್ನಿನ ಮೇಲೆ ಇಳಿಯಬೇಕಾಗಿದ್ದ ಹೈಗನ್ಸ್ ಎಂಬ ಶೋಧಕ ಯೂರೋಪಿನ ಕೊಡುಗೆ. ಹಣದ ಅಡಚಣೆ ಆರಂಭದಿಂದಲೂ ಬೆನ್ನು ಹತ್ತಿತ್ತು. 1992ರಲ್ಲಿ ಖರ್ಚು ಇಳಿಸುವ ಸಲುವಾಗಿ, ಕ್ಯಾಮೆರಾ ಮುಂತಾದ ಉಪಕರಣಗಳನ್ನು ಬೇಕಾದ ಕಡೆಗೆ ತಿರುಗಿಸುವ ಚಲಿಸುವ ಪೀಠವನ್ನು ಕೈಬಿಟ್ಟರು. ಫಲವಾಗಿ ಉಪಕರಣಗಳೆಲ್ಲ ನೌಕೆಯ ಮೈಗೆ ಬಿಗಿಯಾದವು. ಎತ್ತಲಾದರೂ ನೋಡಬೇಕಾದರೆ ನೌಕೆಯೇ ತಿರುಗಬೇಕು, ಭೂಮಿಗೆ ಸುದ್ದಿ ಕಳುಹಿಸಬೇಕಾದರೆ ಮತ್ತೆ ಇತ್ತ ತಿರುಗಬೇಕು. ನೋಡುವಾಗ ಮಾತಿಲ್ಲ, ಮಾತನಾಡುವಾಗ ನೋಟವಿಲ್ಲ. 1994ರಲ್ಲಿ ಇಡೀ ಯೋಜನೆಯೇ ರದ್ದಾಗುವ ಭೀತಿ ಬಂದಾಗ ಯೂರೋಪಿನ ಸಂಸ್ಥೆಯ ಮುಖ್ಯಸ್ಥರು ಅಮೆರಿಕದ ಉಪಾಧ್ಯಕ್ಷರಿಗೆ ಪತ್ರ ಬರೆದು ಕೊಟ್ಟ ಮಾತನ್ನು ನೆನಪಿಸಬೇಕಾಯಿತು. ಸೂರ್ಯನ ಬೆಳಕು ಶನಿಯ ಬಳಿ ನಮ್ಮಲ್ಲಿರುವುದರ ತೊಂಬತ್ತರಲ್ಲೊಂದು ಪಾಲಿನಷ್ಟೇ ಇರುವುದರಿಂದ ನೌಕೆಗೆ ಪ್ಲುಟೋನಿಯಮ್ಮಿನ ಶಾಖದಿಂದ ವಿದ್ಯುತ್ತು ಪಡೆಯುವ ಏರ್ಪಾಡು ಮಾಡಿದರು. ಅದನ್ನು ವಿರೋಧಿಸಿ ಪ್ರತಿಭಟನೆಗಳೂ ನಡೆದವು. ಕಡೆಗೆ 1997ರ ಅಕ್ಟೋಬರ್ 15ರಂದು ನೌಕೆ ಹೊರಟಿತು. ಐದೂವರೆ ಟನ್ನಿಗೂ ಮಿಕ್ಕಿದ ಭಾರ. ನೇರವಾಗಿ ಎಸೆಯಬಲ್ಲ ರಾಕೆಟ್ಟಿರಲಿಲ್ಲ. ಎರಡು ಬಾರಿ ಶುಕ್ರನನ್ನೂ ಒಂದು ಬಾರಿ ಭೂಮಿಯನ್ನೂ ಮತ್ತೆ ಗುರುವನ್ನೂ ಬಳಸಿ, ಅವುಗಳ ಸೆಳೆತದಿಂದ ವೇಗ ಗಳಿಸಿಕೊಂಡು, ಹೊರಟ ಏಳನೆಯ ವರ್ಷ, 2004ರ ಜುಲೈ 1ರಂದು ಶನಿಯ ಕಕ್ಷೆಗೆ ಸೇರಿತು.

ಚಿತ್ರಗಳ ವಿಚಾರ ಬಂದಾಗ ಶಿಕ್ಷಕ ಮಿತ್ರರ ಗಮನಕ್ಕೆ ಒಂದು ಸಂಗತಿಯನ್ನು ತರಬೇಕು. ಗೋಡೆಗೆ ಅಂಟಿಸಿದ ಶನಿಯ ಬಣ್ಣದ ಚಿತ್ರವನ್ನು ನೋಡಿ ಹುಡುಗರು ಬೆರಗಾಗುತ್ತಾರೆ. ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ ಕ್ಯಾಸಿನಿಯ ಕ್ಯಾಮೆರಾಗಳು ಬಣ್ಣವನ್ನು ಅರಿಯವು. ಅವುಗಳಲ್ಲಿದ್ದದ್ದು ಅಡ್ಡಕ್ಕೆ 1024, ಉದ್ದಕ್ಕೆ 1024 ಚುಕ್ಕೆಗಳ ಒಂದು ಫಲಕ. ಇಂದು ಅಗ್ಗದ ಮೊಬೈಲ್ ಫೋನಿನಲ್ಲಿಯೂ ಇದಕ್ಕಿಂತ ಹೆಚ್ಚು ಚುಕ್ಕೆಗಳಿರುತ್ತವೆ. ಕೆಂಪು, ಹಸಿರು, ನೀಲಿ ಗಾಜುಗಳನ್ನು ಒಂದಾದ ಮೇಲೊಂದರಂತೆ ಅಡ್ಡ ಹಿಡಿದು ಮೂರು ಕಪ್ಪುಬಿಳುಪು ಚಿತ್ರ ತೆಗೆದು, ಭೂಮಿಯಲ್ಲಿ ಅವುಗಳನ್ನು ಕೂಡಿಸಿದಾಗ ಬಣ್ಣ ಬರುತ್ತದೆ. ಕಣ್ಣಿಗೆ ಕಾಣದ ಅವರೋಹಿತ ಕಿರಣಗಳಲ್ಲಿ ತೆಗೆದ ಚಿತ್ರಕ್ಕೆ ತಿಳಿಯಲೆಂದೇ ಬಣ್ಣ ಕೊಡುವುದೂ ಉಂಟು. ಇದು ಮೋಸವಲ್ಲ, ಆದರೆ ಹೇಳದೆ ಬಿಟ್ಟರೆ ಮೋಸದ ನೆರೆಮನೆ. ಚಿತ್ರದ ಕೆಳಗೆ ಅದು ಹೇಗೆ ತಯಾರಾಯಿತೆಂಬ ಎರಡು ಸಾಲು ಬರೆಯದೆ ಅದನ್ನು ತರಗತಿಯಲ್ಲಿ ತೂಗುಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಸಿನಿಯ ತಂಡದವರು ಈ ವಿಷಯದಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಬಂದ ಚಿತ್ರಗಳನ್ನು ತಿದ್ದದೆ, ತೊಳೆಯದೆ, ಬಂದ ರೂಪದಲ್ಲಿಯೇ ಅಂತರ್ಜಾಲದಲ್ಲಿ ಇಟ್ಟರು. ನಾನಾ ದೇಶಗಳ ಹವ್ಯಾಸಿಗಳು ಅವನ್ನು ತಾವೇ ಕೂಡಿಸಿ ಬಣ್ಣದ ಚಿತ್ರಗಳನ್ನು ಮಾಡಿಕೊಂಡರು.

ಹದಿಮೂರು ವರ್ಷದಲ್ಲಿ ಬಂದ ಚಿತ್ರಗಳ ಸಂಖ್ಯೆ ನಾಲ್ಕೂವರೆ ಲಕ್ಷವನ್ನು ಮೀರುತ್ತದೆ. ಅವುಗಳಲ್ಲಿ ಒಂದನ್ನು ಮಾತ್ರ ಹೆಸರಿಸುತ್ತೇನೆ. 2013ರ ಜುಲೈ 19ರಂದು ನೌಕೆ ಶನಿಯ ನೆರಳಿನೊಳಗೆ ಸೇರಿ, ಸೂರ್ಯನು ಗ್ರಹದ ಹಿಂದೆ ಮರೆಯಾಗಿರುವಾಗ ಇತ್ತ ತಿರುಗಿ ನೋಡಿತು. ಬೆಳಗಿದ ಬಳೆಗಳ ಕೆಳಗೆ, 144 ಕೋಟಿ ಕಿಲೋಮೀಟರ್ ದೂರದಲ್ಲಿ, ಒಂದು ತಿಳಿನೀಲಿ ಚುಕ್ಕೆ: ಅದೇ ಭೂಮಿ. ಚಿತ್ರಗ್ರಹಣದ ಮುಖ್ಯಸ್ಥೆ ಕೆರೊಲಿನ್ ಪೋರ್ಕೊ ಈ ವಿಷಯವನ್ನು ಮುಂಚಿತವಾಗಿಯೇ ಸಾರಿ, ಆ ಹೊತ್ತಿನಲ್ಲಿ ಜನರೆಲ್ಲ ಹೊರಗೆ ಬಂದು ಆಕಾಶದತ್ತ ಮುಗುಳ್ನಗಬೇಕೆಂದು ಕೇಳಿಕೊಂಡಿದ್ದರು. ನಮ್ಮಲ್ಲಿ ಆಗ 20ನೆಯ ತಾರೀಖಿನ ಬೆಳಗಿನ ಜಾವ ಮೂರು ಗಂಟೆ. ಕನ್ನಡ ನಾಡು ಗಾಢನಿದ್ರೆಯಲ್ಲಿತ್ತು.

ಇನ್ನು ನನ್ನ ವಾದದ ತಿರುಳಿಗೆ ಬರುತ್ತೇನೆ. ಎನ್ಸೆಲಡಸ್ ಎಂಬುದು ಶನಿಯ ಒಂದು ಸಣ್ಣ ಉಪಗ್ರಹ. ಅಡ್ಡಳತೆ ಸುಮಾರು 500 ಕಿಲೋಮೀಟರ್, ಎಂದರೆ ಬೆಂಗಳೂರಿನಿಂದ ಬೆಳಗಾವಿಯಷ್ಟು. ಮೈಯೆಲ್ಲ ಹಿಮ, ಮೇಲೆ ಬಿದ್ದ ಬೆಳಕನ್ನು ಹೆಚ್ಚು ಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಕಳುಹಿಸುವಷ್ಟು ಬಿಳುಪು. ಇಷ್ಟು ಸಣ್ಣ ಕಾಯ ಒಳಗೆಲ್ಲ ಹೆಪ್ಪುಗಟ್ಟಿ ಎಂದೋ ಸತ್ತುಹೋಗಿರಬೇಕೆಂಬುದು ಸಹಜವಾದ ಊಹೆ. 2005ರ ಫೆಬ್ರುವರಿ ಮತ್ತು ಮಾರ್ಚಿನಲ್ಲಿ ಕ್ಯಾಸಿನಿ ಅದರ ಪಕ್ಕದಲ್ಲಿ ಹಾದುಹೋದಾಗ ಕಾಂತಕ್ಷೇತ್ರವನ್ನು ಅಳೆಯುವ ಉಪಕರಣ ಒಂದು ಸಣ್ಣ ಬಾಗನ್ನು ಗುರುತಿಸಿತು. ಶನಿಯ ಕಾಂತರೇಖೆಗಳು ಆ ಪುಟ್ಟ ಚಂದ್ರನ ಸುತ್ತ ಏನನ್ನೋ ಬಳಸಿಕೊಂಡು ಹೋಗುವಂತೆ ಬಾಗಿದ್ದವು. ಗಾಳಿಯೇ ಇರಲಾರದ ಕಾಯದ ಸುತ್ತ ಏನಿದ್ದೀತು? ಆ ಉಪಕರಣದ ಹೊಣೆ ಹೊತ್ತಿದ್ದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮಿಶೆಲ್ ಡೌಹರ್ಟಿ. ಮುಂದಿನ ಬಾರಿ ನಿಗದಿಯಾಗಿದ್ದುದಕ್ಕಿಂತ ಬಹಳ ಹತ್ತಿರಕ್ಕೆ ಹೋಗಬೇಕೆಂದು ಅವರು ಉಳಿದವರನ್ನು ಒಪ್ಪಿಸಿದರು. ಒಂದು ಉಪಕರಣದ ರೇಖೆಯಲ್ಲಿ ಕಂಡ ಸಣ್ಣ ಬಾಗಿನ ಸಲುವಾಗಿ ಇಡೀ ನೌಕೆಯ ದಾರಿಯನ್ನು ಬದಲಿಸುವುದೆಂದರೆ ಸಾಮಾನ್ಯ ಮಾತಲ್ಲ. ಒಪ್ಪಿದವರ ದೊಡ್ಡತನವನ್ನೂ ಇಲ್ಲಿ ನೆನೆಯಬೇಕು.

ಅದೇ ಜುಲೈ 14ರಂದು ನೌಕೆ ಎನ್ಸೆಲಡಸ್ಸಿನಿಂದ ಕೇವಲ 173 ಕಿಲೋಮೀಟರ್ ದೂರದಲ್ಲಿ ಹಾಯಿತು. ದಕ್ಷಿಣ ಧ್ರುವದಲ್ಲಿ ಸುಮಾರು 130 ಕಿಲೋಮೀಟರ್ ಉದ್ದದ ನಾಲ್ಕು ಸೀಳುಗಳು ಒಂದರ ಪಕ್ಕದಲ್ಲೊಂದು ಹುಲಿಯ ಪಟ್ಟೆಯಂತೆ ಬಿದ್ದಿದ್ದವು. ಹಿಮಲೋಕದಲ್ಲಿ ಆ ಸೀಳುಗಳು ಮಾತ್ರ ಸುತ್ತಲಿನ ನೆಲಕ್ಕಿಂತ ಎಷ್ಟೋ ಬೆಚ್ಚಗಿದ್ದವು. ಮೇಲೆ ನೀರಾವಿಯ ಮೋಡವಿತ್ತು. ನವೆಂಬರಿನಲ್ಲಿ ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರಗಳಲ್ಲಿ ಹಿಮಕಣಗಳ ಚಿಲುಮೆಗಳೇ ಆಕಾಶಕ್ಕೆ ಚಿಮ್ಮುತ್ತಿರುವುದು ಸ್ಪಷ್ಟವಾಗಿ ಕಂಡಿತು. (ಆ ಸೀಳುಗಳಿಗೆ ಬಾಗ್ದಾದ್, ಕೈರೋ, ಡಮಾಸ್ಕಸ್, ಅಲೆಕ್ಸಾಂಡ್ರಿಯ ಎಂದು ಹೆಸರಿಟ್ಟಿದ್ದಾರೆ. ಎನ್ಸೆಲಡಸ್ಸಿನ ಸ್ಥಳನಾಮಗಳನ್ನೆಲ್ಲ ಅರೇಬಿಯನ್ ನೈಟ್ಸ್ ಕಥೆಗಳಿಂದ ಆರಿಸುವುದು ವಾಡಿಕೆ, ಖಗೋಳಜ್ಞರಿಗೂ ರಸಿಕತೆಯುಂಟು.) ಶನಿಯ ಹೊರಬಳೆಗಳಲ್ಲೊಂದಾದ ವಿಶಾಲವಾದ ಈ-ಬಳೆಗೆ ಹಿಮದ ಪುಡಿಯನ್ನು ಒದಗಿಸುತ್ತಿರುವುದು ಇದೇ ಚಿಲುಮೆಗಳೆಂದು ತಿಳಿಯಿತು.

ನಿಲ್ಲದೆ ಹಾದುಹೋಗುವ ನೌಕೆಯಾಗಿದ್ದರೆ ಆ ಬಾಗು ಬಾಗಾಗಿಯೇ ಉಳಿಯುತ್ತಿತ್ತು. ಕ್ಯಾಸಿನಿ ಮರಳಿ ಮರಳಿ ಹೋಯಿತು. ಚಿಲುಮೆಯ ನಡುವೆಯೇ ನುಗ್ಗಿ ಅದರ ಕಣಗಳನ್ನು ಸವಿದು ನೋಡಿತು. ಕಣಗಳಲ್ಲಿ ಉಪ್ಪಿತ್ತು: ಎಂದರೆ ಆ ನೀರು ಬಂಡೆಯನ್ನು ಮುಟ್ಟಿ ಬಂದ ನೀರು. ಏಳು ವರ್ಷಗಳಿಗೂ ಮಿಕ್ಕಿ ತೆಗೆದ ಚಿತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಅಳೆದಾಗ ಎನ್ಸೆಲಡಸ್ ತಿರುಗುವಾಗ ತುಸು ಓಲಾಡುತ್ತದೆಂದು ಗೊತ್ತಾಯಿತು. ಚಿಪ್ಪು ಒಳಗಿನ ತಿರುಳಿಗೆ ಅಂಟಿಕೊಂಡಿದ್ದರೆ ಅಷ್ಟು ಓಲಾಟ ಸಾಧ್ಯವಿಲ್ಲ. ಆದ್ದರಿಂದ ಹಿಮದ ಚಿಪ್ಪಿನ ಕೆಳಗೆ ಇಡೀ ಗೋಳವನ್ನು ಆವರಿಸಿದ ಕಡಲಿದೆಯೆಂದು 2015ರಲ್ಲಿ ಪ್ರಕಟವಾಯಿತು. ಅದೇ ವರ್ಷ, ಕಣಗಳಲ್ಲಿ ಸಿಕ್ಕ ಸಿಲಿಕದ ಅತಿಸೂಕ್ಷ್ಮ ಧೂಳಿಯಿಂದ ಆ ಕಡಲ ತಳದಲ್ಲಿ 90 ಡಿಗ್ರಿಗೂ ಬಿಸಿಯಾದ ನೀರು ಬಂಡೆಯೊಡನೆ ಬೆರೆಯುತ್ತಿದೆಯೆಂಬ ಅನುಮಾನಕ್ಕೆ ಬಲ ಬಂತು. 2017ರಲ್ಲಿ ಜಲಜನಕ ಅನಿಲದ ಸುಳಿವೂ ಪ್ರಕಟವಾಯಿತು. ಅಲ್ಲಿ ಜೀವವಿದೆಯೆಂದು ಯಾರೂ ಕಂಡಿಲ್ಲ, ಕಂಡೆನೆಂದು ಯಾವ ಹೊಣೆಯರಿತ ವಿಜ್ಞಾನಿಯೂ ಹೇಳಿಲ್ಲ. ಜೀವಕ್ಕೆ ಬೇಕಾದ ನೀರು, ಶಾಖ, ರಾಸಾಯನಿಕ ದ್ರವ್ಯ ಇವು ಮೂರೂ ಒಂದೆಡೆ ಇವೆಯೆಂಬಷ್ಟು ಮಾತ್ರ ಸಿದ್ಧವಾಗಿದೆ. ಈ ಎಚ್ಚರದ ಗೆರೆಯನ್ನು ನಮ್ಮ ಪತ್ರಿಕೆಗಳ ತಲೆಬರಹಗಳು ಆಗಾಗ ದಾಟಿಬಿಡುತ್ತವೆ.

ಟೈಟನ್ನಿನ ಕಥೆ ಬೇರೊಂದು ಬಗೆಯದು. 2000ದಲ್ಲಿ, ನೌಕೆ ಹೊರಟು ಎರಡು ವರ್ಷ ಕಳೆದಿದ್ದಾಗ, ಬೋರಿಸ್ ಸ್ಮೆಡ್ಸ್ ಎಂಬ ಸ್ವೀಡನ್ನಿನ ಎಂಜಿನಿಯರರ ಹಟದಿಂದ ಒಂದು ಪರೀಕ್ಷೆ ನಡೆಯಿತು. ಹೈಗನ್ಸ್ ಇಳಿಯುವಾಗ ಅದರ ಮತ್ತು ಕ್ಯಾಸಿನಿಯ ವೇಗ ಬೇರೆ ಬೇರೆಯಾದ್ದರಿಂದ ರೇಡಿಯೋ ಸಂಕೇತದ ಆವರ್ತ ಬದಲಾಗುತ್ತದೆ. ರೈಲು ಹತ್ತಿರ ಬರುವಾಗ ಅದರ ಸಿಳ್ಳಿನ ಸ್ವರ ಏರುವಂತೆ. ಅಂತಹ ಬದಲಾದ ಸಂಕೇತವನ್ನು ಭೂಮಿಯಿಂದಲೇ ಕಳುಹಿಸಿ ನೋಡಿದಾಗ, ಕ್ಯಾಸಿನಿಯಲ್ಲಿದ್ದ ಗ್ರಾಹಕ ಅದನ್ನು ಸರಿಯಾಗಿ ಗ್ರಹಿಸದೆಂದು ಬಯಲಾಯಿತು. ಪರೀಕ್ಷಿಸದೆ ಬಿಟ್ಟಿದ್ದರೆ ಹೈಗನ್ಸ್ ಕಂಡದ್ದೆಲ್ಲ ಗಾಳಿಪಾಲಾಗುತ್ತಿತ್ತು. ನೌಕೆಯ ಪಥವನ್ನೇ ತಿದ್ದಿ ದೋಷವನ್ನು ನಿವಾರಿಸಿದರು. ಇಷ್ಟೆಲ್ಲ ಜಾಗರೂಕತೆಯ ನಡುವೆಯೂ, 2005ರ ಜನವರಿ 14ರಂದು ಹೈಗನ್ಸ್ ಇಳಿದಾಗ ಎರಡು ರೇಡಿಯೋ ಮಾರ್ಗಗಳಲ್ಲಿ ಒಂದನ್ನು ತೆರೆಯುವ ಆಜ್ಞೆಯನ್ನೇ ಬರೆಯುವುದು ಮರೆತುಹೋಗಿತ್ತು. ಸುಮಾರು 700 ಚಿತ್ರಗಳಲ್ಲಿ ಅರ್ಧಕ್ಕರ್ಧ ನಷ್ಟವಾದವು. ಎಣಿಸಲಾಗದಷ್ಟು ಕಠಿಣವಾದುದನ್ನು ಗೆದ್ದವರು ಅತಿ ಸುಲಭವಾದುದರಲ್ಲಿ ಎಡವಿದರು. ಇದನ್ನು ಅವರು ಮರೆಮಾಚಲಿಲ್ಲ. ಉಳಿದ ಅರ್ಧದಲ್ಲಿಯೇ ಟೈಟನ್ನಿನ ನೆಲ ಮೊದಲ ಬಾರಿಗೆ ಮಾನವನ ಕಣ್ಣಿಗೆ ಬಿತ್ತು: ಹೊಳೆಯ ಪಾತ್ರದಲ್ಲಿ ಉರುಳಿ ನುಣುಪಾದಂತಹ ಗುಂಡುಕಲ್ಲುಗಳು. ಅವು ಕಲ್ಲಲ್ಲ, ಸೊನ್ನೆಗಿಂತ 179 ಡಿಗ್ರಿ ಕೆಳಗಿನ ಚಳಿಯಲ್ಲಿ ಕಲ್ಲಿನಂತಾದ ಹಿಮ. ಮುಂದೆ ಕ್ಯಾಸಿನಿಯ ರೇಡಾರು ಮಬ್ಬನ್ನು ಭೇದಿಸಿ ನೋಡಿದಾಗ ಉತ್ತರಧ್ರುವದ ಸುತ್ತ ಸರೋವರಗಳೂ ಸಮುದ್ರಗಳೂ ಕಂಡವು. ತುಂಬಿರುವುದು ನೀರಲ್ಲ, ದ್ರವರೂಪದ ಮೀಥೇನ್ ಮತ್ತು ಈಥೇನ್. ಮಳೆ, ಹೊಳೆ, ಕಡಲು ಎಲ್ಲವೂ ಉಂಟು. ಒಂದು ಗುಟುಕು ನೀರು ಮಾತ್ರ ಇಲ್ಲ.

ಕ್ಯಾಸಿನಿಗೆ ಮೊದಲು ಗೊತ್ತುಪಡಿಸಿದ ಅವಧಿ ನಾಲ್ಕೇ ವರ್ಷ. 2008ಕ್ಕೆ ಅದರ ಕೆಲಸ ಮುಗಿಯಬೇಕಾಗಿತ್ತು. ಅದನ್ನು ಮೊದಲು 2010ರವರೆಗೆ, ಬಳಿಕ 2017ರವರೆಗೆ ಮುಂದುವರಿಸಿದರು. 2008ರಲ್ಲಿಯೇ ಮುಗಿಸಿದ್ದರೆ ಏನೇನು ತಪ್ಪಿಹೋಗುತ್ತಿತ್ತೆಂಬುದನ್ನು ಯೋಚಿಸಬೇಕು. 2009ರ ಆಗಸ್ಟಿನಲ್ಲಿ ಸೂರ್ಯನ ಬೆಳಕು ಬಳೆಗಳ ಅಂಚಿಗೆ ನೇರವಾಗಿ ಬಿದ್ದಿತು. ಸಂಜೆಯ ಬಿಸಿಲಿನಲ್ಲಿ ಹೊಲದ ಸಣ್ಣ ಹೆಂಟೆಗೂ ಮಾರುದ್ದದ ನೆರಳು ಬೀಳುವುದಿಲ್ಲವೆ? ಹಾಗೆ ಬಳೆಗಳ ಉಬ್ಬುತಗ್ಗುಗಳೆಲ್ಲ ನೆರಳಿನಿಂದ ಬಯಲಾದವು. ಮುಖ್ಯ ಬಳೆಗಳ ಒಟ್ಟು ಅಗಲ ಎರಡು ಲಕ್ಷ ಎಂಬತ್ತು ಸಾವಿರ ಕಿಲೋಮೀಟರಿನಷ್ಟು. ದಪ್ಪ ಬಹುಭಾಗದಲ್ಲಿ ಹತ್ತು ಮೀಟರಿನ ಆಸುಪಾಸು. ಅಂತಹ ತೆಳುಹಾಳೆಯ ಒಂದು ಅಂಚಿನಲ್ಲಿ ಎರಡೂವರೆ ಕಿಲೋಮೀಟರ್ ಎತ್ತರದ ಶಿಖರಗಳು ಸಾಲಾಗಿ ಎದ್ದಿದ್ದವು! 2010ರ ಡಿಸೆಂಬರಿನಲ್ಲಿ ಎದ್ದ ಬಿರುಗಾಳಿ ಕೆಲವೇ ತಿಂಗಳಲ್ಲಿ ಇಡೀ ಗ್ರಹವನ್ನು ಬಳಸಿ ತನ್ನ ಬಾಲವನ್ನೇ ಮುಟ್ಟಿತು. ಉತ್ತರಧ್ರುವದ ಸುತ್ತ ಆರು ಮೂಲೆಯ ಒಂದು ಗಾಳಿಹೊಳೆಯಿದೆ. ಅದರ ಒಂದೊಂದು ಭುಜವೂ ಭೂಮಿಯ ಅಡ್ಡಳತೆಗಿಂತ ಉದ್ದ. ವಾಯೇಜರುಗಳು ಕಂಡಿದ್ದ ಆ ಷಟ್ಕೋನ ಕ್ಯಾಸಿನಿ ಹೋದಾಗ ಧ್ರುವರಾತ್ರಿಯ ಕತ್ತಲೆಯಲ್ಲಿತ್ತು. ಅಲ್ಲಿ ವಸಂತ ಬಂದು ಬೆಳಕು ಹರಿಯುವವರೆಗೆ ಕಾಯದೆ ಅದನ್ನು ಕಣ್ಣಿನ ಬೆಳಕಿನಲ್ಲಿ ನೋಡುವ ಬೇರೆ ಉಪಾಯವಿರಲಿಲ್ಲ. ಶನಿಯಲ್ಲಿ ಒಂದೊಂದು ಋತುವೂ ಏಳು ವರ್ಷಕ್ಕಿಂತ ದೀರ್ಘ. ಹದಿಮೂರು ವರ್ಷ ನಿಂತ ನೌಕೆ ಕಂಡದ್ದು ಅಲ್ಲಿಯ ಅರ್ಧ ವರ್ಷವನ್ನೂ ಅಲ್ಲ!

ದಾನಿಗಳಾದ ಮಹನೀಯರಲ್ಲಿ ನನ್ನ ವಿನಂತಿ ಇಲ್ಲಿದೆ. ಕ್ಯಾಸಿನಿಗೆ ಒಟ್ಟು ಸುಮಾರು 390 ಕೋಟಿ ಡಾಲರ್ ವೆಚ್ಚವಾಯಿತು. ಅದರಲ್ಲಿ ಬಹುಪಾಲು ನೌಕೆಯನ್ನು ಕಟ್ಟಿ ಹಾರಿಸಿ ಮೊದಲ ನಾಲ್ಕು ವರ್ಷ ನಡೆಸುವುದಕ್ಕೇ ಹೋಯಿತು. ಮುಂದಿನ ಒಂಬತ್ತು ವರ್ಷಗಳಿಗೆ ತಗುಲಿದ್ದು ಅದರ ಸಣ್ಣ ಅಂಶ. ಆ ಸಣ್ಣ ಅಂಶಕ್ಕೆ ಸಂಭ್ರಮವಿಲ್ಲ. ರಾಕೆಟ್ಟು ಏರುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಹನ್ನೊಂದನೆಯ ವರ್ಷದಲ್ಲಿ ಆಜ್ಞೆ ಬರೆಯುವವನ ಸಂಬಳಕ್ಕೆ ಚಪ್ಪಾಳೆ ತಟ್ಟುವವರಿಲ್ಲ. ನಾನು ಕಂಡ ಒಂದು ಪ್ರೌಢಶಾಲೆಯಲ್ಲಿ ಹಿರಿಯರೊಬ್ಬರು ಕೊಟ್ಟ ಒಳ್ಳೆಯ ದೂರದರ್ಶಕವಿತ್ತು. ಕೊಟ್ಟವರ ಹೆಸರು ಹಿತ್ತಾಳೆಯ ಫಲಕದಲ್ಲಿ ಹೊಳೆಯುತ್ತಿತ್ತು. ಒಳಗಿನ ಕನ್ನಡಿ ಮಾತ್ರ ಮಳೆಗಾಲದ ತೇವಕ್ಕೆ ಮಸುಕಾಗಿ, ಮತ್ತೆ ಲೇಪ ಹಾಕಿಸಲು ಹಣವಿಲ್ಲದೆ, ಅದನ್ನು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟಿದ್ದರು. ಎಷ್ಟು ತಂಡ ಹುಡುಗರು ಶನಿಯ ಬಳೆಯನ್ನು ನೋಡದೆ ಆ ಬೀರುವಿನ ಮುಂದೆ ಹಾದುಹೋದರೋ! ಕೊಠಡಿ ಕಟ್ಟಿಸುವುದು ಪುಣ್ಯದ ಕೆಲಸವೇ ಸರಿ. ಆದರೆ ಹತ್ತು ವರ್ಷದ ಹಿಂದೆ ಕಟ್ಟಿಸಿದ ಪ್ರಯೋಗಶಾಲೆಗೆ ಈ ವರ್ಷದ ಆಸಿಡ್ಡು, ಗಾಜಿನ ಕೊಳವೆ, ಸಹಾಯಕನ ವೇತನ ಒದಗಿಸುವುದನ್ನು ಅದಕ್ಕಿಂತ ಕೀಳೆಂದು ಎಣಿಸುವ ನಮ್ಮ ರೂಢಿ ಸರಿಯಲ್ಲ. ಕನ್ನಡಿಯ ಲೇಪಕ್ಕೆ ಫಲಕವಿಲ್ಲದಿರಬಹುದು. ಬಳೆ ಕಾಣುವುದು ಅದರಲ್ಲಿಯೇ.

ಶಿಕ್ಷಕರಿಗೂ ಒಂದು ಮಾತು. ಶನಿಯ ಉಪಗ್ರಹಗಳೆಷ್ಟು ಎಂಬ ಪ್ರಶ್ನೆಗೆ ನಾವು ಬಾಯಿಪಾಠ ಮಾಡಿದ್ದ ಉತ್ತರ ಎಂದೋ ಸುಳ್ಳಾಗಿದೆ. 2025ರ ಮಾರ್ಚಿನಲ್ಲಿ ಒಮ್ಮೆಗೇ 128 ಸೇರಿ ಆ ಸಂಖ್ಯೆ 274 ಆಯಿತು. ಶನಿಯ ಒಂದು ದಿನ 10 ಗಂಟೆ 39 ನಿಮಿಷವೆಂದು ವಾಯೇಜರಿನ ಕಾಲದಿಂದ ಪುಸ್ತಕಗಳಲ್ಲಿತ್ತು. ಬಳೆಗಳಲ್ಲಿ ಏಳುವ ಅಲೆಗಳಿಂದ ಗ್ರಹದ ಒಡಲಿನ ಕಂಪನವನ್ನು ಲೆಕ್ಕ ಹಾಕಿ, ಅದು 10 ಗಂಟೆ 33 ನಿಮಿಷ 38 ಸೆಕೆಂಡೆಂದು 2019ರಲ್ಲಿ ಹೇಳಿದರು. ಬಳೆಗಳ ವಯಸ್ಸಂತೂ ಇನ್ನೂ ವ್ಯಾಜ್ಯದಲ್ಲಿದೆ. ಅವುಗಳ ತೂಕ ಮತ್ತು ಅವುಗಳ ಮೇಲೆ ಕೂತ ಧೂಳಿಯ ಲೆಕ್ಕದಿಂದ ಕೆಲವರು ಹತ್ತು ಕೋಟಿ ವರ್ಷಕ್ಕಿಂತ ಹೆಚ್ಚಿಲ್ಲವೆಂದರು. ಹಾಗಾದರೆ ಡೈನೋಸಾರುಗಳ ಕಾಲದ ಆಕಾಶದಲ್ಲಿ ಶನಿ ಬರಿಗೈಯಲ್ಲಿದ್ದಿರಬೇಕು. ಧೂಳಿ ಅಂಟಿಕೊಳ್ಳದೆ ಹಾರಿಹೋಗುತ್ತದೆ, ಆದ್ದರಿಂದ ಬಳೆಗಳು ಶನಿಯಷ್ಟೇ ಹಳೆಯವಾಗಿರಬಹುದೆಂದು 2024ರಲ್ಲಿ ಜಪಾನಿನ ವಿಜ್ಞಾನಿಗಳು ಎದುರುವಾದ ಹೂಡಿದರು. ಹುಡುಗನೊಬ್ಬ ಪರೀಕ್ಷೆಯಲ್ಲಿ ‘ಇನ್ನೂ ತೀರ್ಮಾನವಾಗಿಲ್ಲ’ ಎಂದು ಬರೆದು, ಏಕೆಂದು ಎರಡು ಕಾರಣ ಕೊಟ್ಟರೆ ನಾನಂತೂ ಪೂರ್ಣ ಅಂಕ ಕೊಡುವೆನು.

ನೌಕೆಯ ಅಂತ್ಯದ ವಿಚಾರ ಉಳಿದಿದೆ. ಇಂಧನ ತೀರುತ್ತ ಬಂದಾಗ ಅದನ್ನು ಹಾಗೆಯೇ ಸುತ್ತಲು ಬಿಡಬಹುದಾಗಿತ್ತು. ಆದರೆ ಹಿಡಿತ ತಪ್ಪಿದ ನೌಕೆ ಎಂದಾದರೊಂದು ದಿನ ಎನ್ಸೆಲಡಸ್ಸಿಗೋ ಟೈಟನ್ನಿಗೋ ಬಡಿದರೆ, ಅದರ ಮೈಯಲ್ಲಿ ಭೂಮಿಯ ಸೂಕ್ಷ್ಮಜೀವಿಗಳು ಉಳಿದಿದ್ದರೆ? ಅಲ್ಲಿ ಜೀವವಿದೆಯೆಂದು ಸಿದ್ಧವಾಗಿರಲಿಲ್ಲ. ಇರಬಹುದೆಂಬ ಸಂಶಯದ ಲಾಭವನ್ನು ಆ ಕಡಲಿಗೇ ಬಿಟ್ಟುಕೊಟ್ಟರು. ಕೆಲಸ ಮಾಡುತ್ತಿರುವ ನೌಕೆಯನ್ನು ಸುಡುವುದು ದುಂದಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಕೊನೆಯ ತಿಂಗಳುಗಳನ್ನೂ ಅವರು ವ್ಯರ್ಥ ಮಾಡಲಿಲ್ಲ. 2017ರ ಏಪ್ರಿಲಿನಿಂದ ಗ್ರಹಕ್ಕೂ ಬಳೆಗೂ ನಡುವಿನ, ಯಾವ ನೌಕೆಯೂ ಹೊಕ್ಕಿರದ ಸಂದಿಯಲ್ಲಿ 22 ಬಾರಿ ನುಸುಳಿಸಿದರು. ಬಳೆಗಳ ತೂಕ ಸಿಕ್ಕಿದ್ದು ಆಗಲೇ. ಸೆಪ್ಟೆಂಬರ್ 15ರಂದು ಕ್ಯಾಸಿನಿ ಶನಿಯ ವಾಯುಮಂಡಲಕ್ಕೆ ಧುಮುಕಿ, ಕೊನೆಯ ಕ್ಷಣದವರೆಗೂ ಅಲ್ಲಿಯ ಅನಿಲದ ವಿವರವನ್ನು ಹೇಳುತ್ತಲೇ ಉರಿದುಹೋಯಿತು. ಅದರ ಕೊನೆಯ ಸಂಕೇತ 83 ನಿಮಿಷ ಪಯಣಿಸಿ ಆಸ್ಟ್ರೇಲಿಯದ ಕ್ಯಾನ್‌ಬೆರಾದ ಆಂಟೆನಾ ತಲುಪಿದಾಗ ನಮ್ಮಲ್ಲಿ ಸಂಜೆ ಐದೂವರೆಗೆ ಐದು ನಿಮಿಷವಿತ್ತು; ಕಳುಹಿಸಿದ ನೌಕೆ ಅಷ್ಟರಲ್ಲಿ ಇರಲಿಲ್ಲ.

ಅದು ಕಳುಹಿಸಿದ ದಾಖಲೆಗಳನ್ನು ಇಂದಿಗೂ ಓದುತ್ತಿದ್ದಾರೆ. ಎನ್ಸೆಲಡಸ್ಸಿನ ಹಿಮಕಣಗಳಲ್ಲಿ ಫಾಸ್ಫೇಟಿರುವುದನ್ನು ಜರ್ಮನಿಯ ಫ್ರಾಂಕ್ ಪೋಸ್ಟ್‌ಬರ್ಗ್ ಮತ್ತು ಸಂಗಡಿಗರು 2023ರಲ್ಲಿ ಗುರುತಿಸಿದರು. 2008ರಲ್ಲಿ ಚಿಲುಮೆಯೊಳಗೆ ಹಾದಾಗ ಸಿಕ್ಕ ಕಣಗಳ ದಾಖಲೆಯಿಂದ ಹೊಸ ಇಂಗಾಲ ಸಂಯುಕ್ತಗಳನ್ನು ಗುರುತಿಸಿದ ವರದಿ 2025ರಲ್ಲಿ ಬಂತು. ನೌಕೆ ಬೂದಿಯಾಗಿ ಆಗ ಎಂಟು ವರ್ಷ. ಎನ್ಸೆಲಡಸ್ಸಿಗೆ ಮತ್ತೆ ಹೋಗಬೇಕೆಂದು ಯೂರೋಪಿನ ಸಂಸ್ಥೆಯ ತಜ್ಞರ ಸಮಿತಿ 2024ರಲ್ಲಿ ಶಿಫಾರಸು ಮಾಡಿದೆ, ಆದರೆ ಅದು ಈ ಶತಮಾನದ ನಡುಭಾಗದ ಮಾತು. ಕ್ಯಾಸಿನಿ ಹೋದಾಗ ಆ ಉಪಗ್ರಹದ ದಕ್ಷಿಣ ಧ್ರುವದಲ್ಲಿ ಬೇಸಿಗೆಯ ಹಗಲಿತ್ತು. 2009ರಲ್ಲಿ ಅಲ್ಲಿ ಸೂರ್ಯ ಮುಳುಗಿದ. 2025ರ ಮೇ ತಿಂಗಳಲ್ಲಿ ಶನಿಯ ವಿಷುವ ಮತ್ತೆ ಬಂದು, ಹುಲಿಪಟ್ಟೆಯ ಆ ಸೀಳುಗಳ ಮೇಲೆ ಹದಿನಾರು ವರ್ಷದ ತರುವಾಯ ಬೆಳಗಾಗಿದೆ. ನೋಡುವುದಕ್ಕೆ ಅಲ್ಲಿ ಯಾವ ನೌಕೆಯೂ ಇಲ್ಲ.